ಹೊಳೆದಂಡೆಯ ಹೊಂಗೆ ಯಾರದ್ದು?

ಪರಶುರಾಂಪುರದ ಕಡೆ ಬಂದಾಗ ನೀವು ಕೇಳಿದ್ದಿರಿ: ಹೊಲಕ್ಕೂ ವೇದಾವತಿ ಹೊಳೆಗೂ ನಡುವೆ ಅಷ್ಟು ಜಾಗ ಸುಮ್ನೆ ಬಿದ್ದಿದೆ, ಯಾಕೆ ಯಾರೂ ಉಳುವುದಿಲ್ಲ?

ಪಹಣಿ ಪ್ರಕಾರ ಅದು ಬಿ ಖರಾಬು, ಅಂದರೆ ಸಾಗುವಳಿಗೆ ಇಲ್ಲದ ಜಾಗ. ಹಳ್ಳ, ದಾರಿ ಇದ್ದ ಹಾಗೆ, ಊರಿಗೆಲ್ಲ ಸೇರಿದ್ದು. ಆದರೆ ಕಾಗದ ನೋಡಿ ಯಾರೂ ನೇಗಿಲು ನಿಲ್ಲಿಸುವುದಿಲ್ಲ. ವರ್ಷಕ್ಕೊಂದು ಸಾಲು ಒತ್ತುತ್ತಾ ಹೋದವರು ಇಲ್ಲೂ ಇದ್ದಾರೆ. ನಮ್ಮಪ್ಪನೂ ಒತ್ತಿದ್ದ, ಮುಚ್ಚಿಡೋದೇನು.

ಬುದ್ಧಿ ಬಂದದ್ದು 2022ರಲ್ಲಿ. ಇದೇ ಹೊಳೆಗೆ ಮೇಲ್ಗಡೆ ಕಟ್ಟಿರುವ ಹಿರಿಯೂರಿನ ವಾಣಿ ವಿಲಾಸ ಸಾಗರ ಡ್ಯಾಂ, ನಮ್ಮ ಬಾಯಲ್ಲಿ ಮಾರಿಕಣಿವೆ, 1933 ಆದಮೇಲೆ ಮೊದಲ ಸಲ ಕೋಡಿ ಬಿತ್ತು. ಬರೀ ಮರಳು ನೋಡಿ ಬೆಳೆದ ಹುಡುಗರು ವೇದಾವತಿ ದಂಡೆಗೆ ದಂಡೆ ಹರಿದಿದ್ದು ನೋಡಿದರು. ಒತ್ತಿದ್ದ ಸಾಲುಗಳೆಲ್ಲ ಶೇಂಗಾ ಸಮೇತ ಹೋದವು. ಪಕ್ಕದ ಹೊಲದ ದಂಡೆಯಲ್ಲಿ ಹೊಂಗೆ, ಈಚಲು ಇದ್ದವು. ಅಲ್ಲಿ ಮಣ್ಣು ಕದಲಿರಲಿಲ್ಲ.

ಆಮೇಲೆ ಐದಾರು ಮನೆಯವರು ಕೂತು ಮಾತಾಡಿಕೊಂಡೆವು. ದಂಡೆಯಿಂದ ಹತ್ತು ಮಾರು ಯಾರೂ ಉಳಬಾರದು. ಹೊಂಗೆ ಸೊಪ್ಪು ಗೊಬ್ಬರಕ್ಕೆ ಕೊಯ್ಯಬಹುದು, ಬುಡಕ್ಕೆ ಕೊಡಲಿ ಇಲ್ಲ. ಬೀಜ ಆಯ್ದವರದ್ದು. ಮಡುವಿನ ಆಪು (ಜೊಂಡು) ಒಂದೇ ಸಲ ಬೋಳಿಸಬಾರದು, ನೀರುಕೋಳಿ ಗೂಡು ಕಟ್ಟುವುದು ಅಲ್ಲೇ. ಮರಳಿಗೆ ಟ್ರ್ಯಾಕ್ಟರ್ ಇಳಿದರೆ ಕಂಡವರು ಉಳಿದವರಿಗೆ ಫೋನ್ ಮಾಡಬೇಕು. ಮರಳು ನೀರು ಹಿಡಿದಿಟ್ಟರೆ ತಾನೇ ನಮ್ಮ ಬೋರ್‌ವೆಲ್ ಬದುಕುವುದು?

ಜಗಳ ಆಗಿದ್ದು ಕಾಡುಹಂದಿ ವಿಷಯಕ್ಕೆ. 'ಮರ ಬಿಟ್ಟರೆ ಹಂದಿಗೆ ಮನೆ ಕಟ್ಟಿಕೊಟ್ಟ ಹಾಗೆ' ಅಂತ ಒಬ್ಬರು ಎದ್ದೇ ಹೋದರು. ಅವರ ಮಾತು ಸುಳ್ಳಲ್ಲ, ಒಂದೇ ರಾತ್ರಿಗೆ ಅರ್ಧ ಎಕರೆ ಶೇಂಗಾ ಕೆದರಿ ಹಾಕಿದ್ದವು. ಆದರೆ ಹಂದಿ ಜಾಸ್ತಿ ಮಲಗುವುದು ಬಳ್ಳಾರಿ ಜಾಲಿ ಪೊದೆಯಲ್ಲಿ. (ಹೆಸರಿಗೆ ಬಳ್ಳಾರಿ, ಹುಟ್ಟಿದ್ದು ಅಮೆರಿಕದ ಕಡೆ!) ಅದನ್ನಷ್ಟೇ ತೆಗೆಸೋಣ ಅಂತ ಒಪ್ಪಿಸಿದೆವು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕೀಳಬೇಕು. ಮೂರು ವರ್ಷ ಆಯಿತು, ಇನ್ನೂ ಕೀಳುತ್ತಲೇ ಇದ್ದೇವೆ. ಹಂದಿ ಈಗಲೂ ಬರುತ್ತದೆ, ಕಾವಲಿಗೆ ಪಾಳಿ ಇದೆ.

ನಮ್ಮನ್ನು ದಾಟಿ ಹೊಳೆ ಆಂಧ್ರಕ್ಕೆ ಇಳಿದು ಭೈರವಾನಿ ತಿಪ್ಪ ಡ್ಯಾಂ ಸೇರುತ್ತದೆ. ನಮ್ಮ ಹೊಂಗೆ ಅವರಿಗೆ ಕಾನುಗ. ಬೀಗರೆಲ್ಲ ಆ ಕಡೆಯವರೇ. ಹೋದ ಬೇಸಿಗೆಯಲ್ಲಿ ನಮ್ಮ ಬೀಗರೊಬ್ಬರು ಊಟ ಮಾಡಿ ಹೊರಟವರು, ಅಂಗಳದಲ್ಲಿದ್ದ ಹೊಂಗೆ ಬೀಜದ ಚೀಲವನ್ನು ಕೇಳದೆಯೇ ಬೈಕಿಗೆ ಕಟ್ಟಿಕೊಂಡರು. ಅವರ ದಂಡೆಯೂ ಕೊಚ್ಚಿ ಹೋಗಿತ್ತಂತೆ.