ಸಂಪಾದಕರ ಉತ್ತರ: ಟಾಡ್ರಿ ಅಂದರೆ ಬರೀ ಅಗ್ಗ ಅಲ್ಲ

ಮೇಡಂ, ಇಂಗ್ಲಿಷ್ ಪೇಪರಿನಲ್ಲಿ ಯಾವುದೋ ಹಗರಣವನ್ನು 'ಟಾಡ್ರಿ' ಅಂತ ಬರೆದಿದ್ದರು, ಡಿಕ್ಷನರಿ ತೆಗೆದರೆ 'ಅಗ್ಗದ ಥಳಕಿನ' ಅಂತಿದೆ, ಹಗರಣಕ್ಕೂ ಥಳಕಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಜೊತೆಗೆ ನಿಮ್ಮ ನಾದಿನಿ ಮಗಳ ಮದುವೆಯ ಪ್ಲಾಸ್ಟಿಕ್ ಹೂವಿನ ಮಂಟಪವನ್ನು ಹಾಗೆ ಕರೆಯಬಹುದಾ ಅಂತಲೂ ಕೇಳಿದ್ದೀರಿ. ಮಂಟಪದ ವಿಷಯ ಆಮೇಲೆ.

ಈ ಪದದ ಹಿಂದೆ ಒಬ್ಬ ರಾಣಿ ಇದ್ದಾಳೆ. ಏಳನೇ ಶತಮಾನದ ಇಂಗ್ಲೆಂಡಿನವಳು. ಹೆಸರು ಎಥೆಲ್‌ಡ್ರೆಡಾ, ಮುಂದೆ ಜನರ ಬಾಯಲ್ಲಿ ಅದೇ ಆಡ್ರಿ ಆಯಿತು. ಅರಮನೆ ಬಿಟ್ಟು ಸನ್ಯಾಸಿನಿಯಾದಳು. 673ರಲ್ಲಿ ಈಗಿನ ಕೇಂಬ್ರಿಡ್ಜ್ ಹತ್ತಿರದ ಈಲಿಯಲ್ಲಿ ಮಠ ಕಟ್ಟಿದಳು. 679ರಲ್ಲಿ ಕುತ್ತಿಗೆಗೆ ಗಡ್ಡೆಯಾಗಿ ತೀರಿಕೊಂಡಳು. ಬೀಡ್ ಎಂಬ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಇತಿಹಾಸದಲ್ಲಿ ಅವಳ ಮಾತೊಂದಿದೆ. ಹುಡುಗಿಯಾಗಿದ್ದಾಗ ಸುಮ್ಸುಮ್ನೆ ಸರಗಳ ಭಾರ ಹೊತ್ತ ಕುತ್ತಿಗೆ ಇದು, ಈಗ ಈ ಗಡ್ಡೆಯ ಭಾರ ಹೊರುತ್ತಿರುವುದು ನ್ಯಾಯವಾದದ್ದೇ ಅಂದಳಂತೆ.

ಅವಳನ್ನು ಸಂತಳೆಂದು ಪೂಜಿಸಿದರು. ಈಲಿಯಲ್ಲಿ ಅವಳ ಹೆಸರಲ್ಲಿ ಅಕ್ಟೋಬರ್‌ ಜಾತ್ರೆ ಶುರುವಾಯಿತು. ಅಲ್ಲಿ ಏನು ಮಾರಿದರು ಹೇಳಿ? ಹೆಂಗಸರು ಕುತ್ತಿಗೆಗೆ ಕಟ್ಟಿಕೊಳ್ಳುವ ರೇಷ್ಮೆ ಪಟ್ಟಿ! 'ಸೇಂಟ್ ಆಡ್ರೀಸ್ ಲೇಸ್' ಅಂತ ಅದರ ಹೆಸರು. ಬೇಗ ಬೇಗ ಹೇಳಿ ನೋಡಿ, ಸೇಂಟ್‌ನ ಕೊನೆಯ 'ಟ್' ಆಡ್ರಿಗೆ ಅಂಟಿಕೊಂಡು ಟಾಡ್ರಿ ಆಗಿಬಿಡುತ್ತದೆ, ನಮ್ಮ ಸಂಧಿ ಪಾಠದ ಹಾಗೆ. ಲಂಡನ್ನಿನಲ್ಲಿ ಸೇಂಟ್ ಓಲಾವ್ ಹೆಸರಿನ ಬೀದಿ ಟೂಲಿ ಸ್ಟ್ರೀಟ್ ಆಗಿದ್ದೂ ಹೀಗೇ.

ಮೊದಲು ಇದು ಬೈಗುಳ ಆಗಿರಲಿಲ್ಲ. ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದಲ್ಲಿ ಹಳ್ಳಿ ಹುಡುಗಿಯೊಬ್ಬಳು ಟಾಡ್ರಿ ಲೇಸ್ ಕೊಡಿಸ್ತೀನಿ ಅಂದಿದ್ದೆಯಲ್ಲ, ಎಲ್ಲಿ ಅಂತ ಹುಡುಗನ ಬೆನ್ನು ಹತ್ತುತ್ತಾಳೆ. ಆದರೆ ಜಾತ್ರೆ ಮಾಲು ಜಾತ್ರೆ ಮಾಲೇ ಅಲ್ವಾ? 1670ರ ದಶಕದ ಹೊತ್ತಿಗೆ ಲೇಸ್ ಉದುರಿಹೋಗಿ 'ಟಾಡ್ರಿ' ಒಂದೇ ಉಳಿಯಿತು, ಬೆಲೆಯಿಲ್ಲದಿದ್ದರೂ ಮಿಂಚಲು ಹೋಗುವಂಥದ್ದು ಅನ್ನುವ ಅರ್ಥದಲ್ಲಿ. ಒಡವೆಯ ಆಸೆ ಬಿಟ್ಟವಳ ಹೆಸರು ಗಿಲೀಟು ಮಾಲಿಗೆ ಹೋಯಿತು, ಪಾಪ.

ನಾನು ಚಿಕ್ಕವನಿದ್ದಾಗ ಊರ ಜಾತ್ರೆಯಲ್ಲಿ ಅಮ್ಮ ತಂಗಿಗೆ ಒಂದು ಸರ ಕೊಡಿಸಿದ್ದರು. ಕೆಂಪು ಕಲ್ಲಿನ ಪದಕ, ಕಲ್ಲಿನ ಸುತ್ತ ಗೋಂದು ಉಕ್ಕಿ ಒಣಗಿತ್ತು. ಅವಳು ಮಲಗುವಾಗಲೂ ತೆಗೆಯಲಿಲ್ಲ. ಮೂರನೇ ದಿನಕ್ಕೆ ಕುತ್ತಿಗೆ ಸುತ್ತ ಹಸಿರು ಗೆರೆ. ಟಾಡ್ರಿ ಅಂದಾಗಲೆಲ್ಲ ನನಗೆ ಆ ಗೋಂದೇ ನೆನಪಾಗುತ್ತದೆ.

ಹಾಗಾಗಿ ಟಾಡ್ರಿ ಅಂದರೆ ಬರೀ ಅಗ್ಗ ಅಲ್ಲ. ಹತ್ತು ರೂಪಾಯಿ ಪೆನ್ನು ಅಗ್ಗ, ಆದರೆ ಅದು ಮಿಂಚಲು ಹೋಗುವುದಿಲ್ಲ. ಲಕ್ಷ ರೂಪಾಯಿಯ ಸೀರೆ ಕಣ್ಣು ಕುಕ್ಕಬಹುದು, ಅದಕ್ಕೆ 'ಗಾಡಿ' ಅನ್ನುವ ಇನ್ನೊಂದು ಇಂಗ್ಲಿಷ್ ಪದವಿದೆ (ನಮ್ಮ ಎತ್ತಿನ ಗಾಡಿ ಅಲ್ಲ). ಟಾಡ್ರಿಗೆ ಎರಡೂ ಬೇಕು, ಥಳಕೂ ಬೇಕು, ಕಳಪೆಯೂ ಆಗಿರಬೇಕು. 'ಮೇಲೆ ಥಳಕು, ಒಳಗೆ ಹುಳುಕು' ಅಂತ ನಾವು ಅನ್ನುತ್ತೇವೆ, ಆದರೆ ಇಲ್ಲಿ ಹುಳುಕು ಒಳಗೆ ಅಡಗಿರುವುದಿಲ್ಲ, ಮೇಲೆಯೇ ಕಾಣುತ್ತದೆ. ದುಡ್ಡು, ಹೆಣ್ಣು, ಹೋಟೆಲ್ ರೂಮು ಅಂತ ಬಣ್ಣಬಣ್ಣವಾಗಿ ಶುರುವಾಗಿ ಕೊನೆಗೆ ಅಸಹ್ಯ ಅನ್ನಿಸುವ ಹಗರಣವನ್ನು ಪೇಪರಿನವರು ಟಾಡ್ರಿ ಅನ್ನುವುದು ಅದಕ್ಕೇ. ಕನ್ನಡದಲ್ಲಿ ಬರೆಯುವಾಗ ವಸ್ತುವಾದರೆ 'ಗಿಲೀಟಿನ' ಅಂತ, ಹಗರಣವಾದರೆ 'ಹೊಲಸು' ಅಂತ ನಾನು ಬರೆಯುತ್ತೇನೆ. ಒಂದೇ ಪದದಲ್ಲಿ ಎರಡನ್ನೂ ಹಿಡಿಯಲು ಹೋದರೆ ವಾಕ್ಯ ಕೆಡುತ್ತದೆ.

ಇನ್ನು ಮಂಟಪ. ಹೂವು ಪ್ಲಾಸ್ಟಿಕ್ಕು, ಮೇಲೆ ಚಮಕಿ, ಕಂಬಕ್ಕೆ ಸುತ್ತಿದ ಚಿನ್ನದ ಬಣ್ಣದ ಪೇಪರು ಒಂದು ಕಡೆ ಕಿತ್ತು ಬಂದಿತ್ತು ಅಂತ ನೀವೇ ಬರೆದಿದ್ದೀರಿ. ಪದ ಸರಿಯಾಗಿ ಹೊಂದುತ್ತದೆ. ನಾದಿನಿ ಎದುರಿಗೆ ಮಾತ್ರ ಹೇಳಬೇಡಿ, ಅವರ ಮನೆಯಲ್ಲೂ ಡಿಕ್ಷನರಿ ಇರಬಹುದು.