ಹುಬ್ಬಳ್ಳಿ-ಧಾರವಾಡದಲ್ಲಿ ಒಳ್ಳೆ ಖಾನಾವಳಿ, ಮಿರ್ಚಿ ಅಂಗಡಿ ಗುರುತಿಸೋದು ಹೆಂಗ?

ನೀವು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮು ಮಾಡಿದ್ದೀರಿ. ಕೇಳಿದ್ದು ಮೂರು: ತಿಂಗಳ ಊಟಕ್ಕೆ ಎಂಥ ಖಾನಾವಳಿ ಹಿಡಿಯಬೇಕು, ಸಂಜೆ ಗಿರ್ಮಿಟ್ (ಕಲಸಿದ ಮಂಡಕ್ಕಿ), ಮಿರ್ಚಿ (ಮೆಣಸಿನಕಾಯಿ ಬಜಿ) ಎಲ್ಲಿ ತಿನ್ನಬೇಕು, ಊರಿಗೆ ಹೋಗುವಾಗ ಏನು ಕಟ್ಟಿಸಿಕೊಂಡು ಹೋಗಬೇಕು. ಮೊಬೈಲಿನಲ್ಲಿ ಸ್ಟಾರ್ ನೋಡಿ ಹೋದ ಕಡೆ ರೊಟ್ಟಿ ತೊಗಲಿನಂತಿತ್ತು ಎಂದೂ ಬರೆದಿದ್ದೀರಿ. ಹೋದದ್ದು ಎಷ್ಟು ಗಂಟೆಗೆ ಎಂದು ಮಾತ್ರ ಬರೆದಿಲ್ಲ. ಇಲ್ಲಿನ ಸಣ್ಣ ಅಂಗಡಿಗಳಲ್ಲಿ ಹೆಸರಿಗಿಂತ ಹೊತ್ತು ಮುಖ್ಯ. ಮಧ್ಯಾಹ್ನ ಒಂದಕ್ಕೆ ಚೆನ್ನಾಗಿರುವ ಖಾನಾವಳಿ ಮೂರೂವರೆಗೆ ಬೇರೆಯದೇ ಆಗಿರುತ್ತದೆ. ಹಾಗಾಗಿ ಅಂಗಡಿಗಳ ಪಟ್ಟಿ ಕೊಡುವುದಿಲ್ಲ, ನೋಡುವುದು ಹೇಗೆ ಎಂದು ಹೇಳುತ್ತೇನೆ.

ಮೊದಲು ರೊಟ್ಟಿ, ಯಾಕೆಂದರೆ ಖಾನಾವಳಿಯಲ್ಲಿ ದೋಷ ಮುಚ್ಚಿಡಲಾಗದ ವಸ್ತು ಅದೊಂದೇ. ಪಲ್ಯಕ್ಕೆ ಖಾರ, ಎಣ್ಣೆ ಹಾಕಿ ಏನನ್ನಾದರೂ ಮರೆಸಬಹುದು, ರೊಟ್ಟಿಗೆ ಬೀಳುವುದು ಹಿಟ್ಟು, ನೀರು ಎರಡೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಬಿಸಿ ನೀರಿಗೆ ಹಿಟ್ಟು ಸ್ವಲ್ಪ ಬೆಂದು ಅಂಟು ಬರುತ್ತದೆ. ಆಮೇಲೆ ಕೈಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಮುಂಚೆ ತಿರುವಿ, ಕೊನೆಗೆ ಉರಿಗೆ ಹಿಡಿದರೆ ಉಬ್ಬಿ ಎರಡು ಪದರಾಗುತ್ತದೆ. ತಾಟಿಗೆ ಬಂದ ರೊಟ್ಟಿಯ ಅಂಚು ಹಿಡಿದು ಬಿಡಿಸಿ ನೋಡಿ. ತೆಳು ಪದರ ಮೇಲೆ, ದಪ್ಪ ಪದರ ಕೆಳಗೆ ಬೇರೆ ಬೇರೆ ಬಂದರೆ ಬಡಿದ ರೊಟ್ಟಿ, ಈಗಷ್ಟೇ ಇಳಿದದ್ದು. ಅಂಚೆಲ್ಲ ಸೀಳಿದ್ದರೆ ಹಿಟ್ಟು ಹಳೆಯದು ಅಥವಾ ಎಸರು ಕಾದಿಲ್ಲ. ಸುತ್ತಳತೆ ಕಂಪಾಸಿನಿಂದ ಬರೆದಂತಿದ್ದು ಹರಿಯಲು ಜಗ್ಗಬೇಕಾದರೆ ಒತ್ತುವ ಮಶೀನಿನದ್ದು, ಬಹುತೇಕ ಬೇರೆ ಹಿಟ್ಟೂ ಬೆರೆತಿರುತ್ತದೆ. ಜೋಳದಲ್ಲೂ ಭೇದವಿದೆ. ಹಿಂಗಾರಿ ಬಿಳಿಜೋಳದ ರೊಟ್ಟಿ ಮೆತ್ತಗೆ, ಸ್ವಲ್ಪ ಸಿಹಿ. ಮುಂಗಾರಿ ಹೈಬ್ರಿಡ್ ಜೋಳದ್ದು ಕಪ್ಪುಗಟ್ಟಿ ಬಿರುಸಾಗುತ್ತದೆ.

ಎಷ್ಟೇ ಒಳ್ಳೆಯ ರೊಟ್ಟಿಯಾದರೂ ತಣ್ಣಗಾದ ಮೇಲೆ ಗಟ್ಟಿಯಾಗುವುದೇ. ಮುಚ್ಚಿಟ್ಟರೆ ಉಗಿ ಕುಡಿದು ಜಿಗಿಯಾಗುತ್ತದೆ. ನಿಮ್ಮ 'ತೊಗಲು' ಇದೇ ಇರಬೇಕು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ರಾತ್ರಿ ಎಂಟರ ಸುಮಾರಿಗೆ ಹೋಗಿ. ಕೂರುವ ಮುಂಚೆ ಒಲೆಯ ಕಡೆ ಒಮ್ಮೆ ನೋಡಿ, 'ಅಕ್ಕಾರ, ಬಿಸಿ ರೊಟ್ಟಿ ಆಗಾಕತ್ತಾವೇನ್ರಿ?' ಎಂದು ಕೇಳಿ. 'ಬುಟ್ಟ್ಯಾಗ ಅದಾವ್ರಿ' ಎಂದರೆ ಕಟಕ್ ರೊಟ್ಟಿ ಕೇಳಿ. ಒಣಗಿಸಿದ ಕಟಕ್ ರೊಟ್ಟಿಗೆ ಹೊತ್ತಿನ ಹಂಗಿಲ್ಲ. ಬುಟ್ಟಿಯಲ್ಲಿ ಕೂತ ಮೆತ್ತನೆ ರೊಟ್ಟಿಗಿಂತ ಅದು ಯಾವಾಗಲೂ ಮೇಲು.

ಎರಡನೆಯದು ಎಣಗಾಯಿ. ಸಣ್ಣ ಬದನೆಕಾಯಿಯನ್ನು ತೊಟ್ಟು ಬಿಡದೆ ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಖಾರ, ಹುಣಸೆ, ಬೆಲ್ಲ ತುಂಬಿ ಎಣ್ಣೆಯಲ್ಲಿ ಬೇಯಿಸಬೇಕು. ಗಡಿಬಿಡಿ ಅಡುಗೆಮನೆಯಲ್ಲಿ ಬದನೆಕಾಯಿ ಬೇರೆ ಬೇಯಿಸಿ ಮೇಲೆ ಮಸಾಲೆ ಸುರಿಯುತ್ತಾರೆ. ಕಾಯಿ ಮುರಿದು ಒಳಗೆ ನೋಡಿ: ಬಿಳಿಯಾಗಿ ಸಪ್ಪಗಿದ್ದರೆ ತುಂಬಿಲ್ಲ. ಬಾಯಿಗೆ ಕಹಿ ಬಂದರೆ ಒಂದೋ ಕಾಯಿ ಬಲಿತಿದೆ, ಇಲ್ಲವೇ ಗುರೆಳ್ಳು ಮುಗ್ಗಿದೆ. ಗುರೆಳ್ಳು ಹಿಂಡಿ (ಚಟ್ನಿಪುಡಿ) ತಾಟಿನ ಮೂಲೆಯಲ್ಲೇ ಇರುತ್ತದಲ್ಲ, ಚಿಟಿಕೆ ಮೂಸಿದರೆ ಗೊತ್ತಾಗುತ್ತದೆ. ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲು (ಸೊಪ್ಪು) ಹಸಿಯಾಗಿ ಕೊಡುವುದು ಇಲ್ಲಿನ ದೊಡ್ಡ ಸುಖ. ಆದರೆ ಎಲೆಗೆ ಮಣ್ಣು ಹತ್ತಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಬದಿಗಿಡಿ. ಅವಳಿ ನಗರದ ಬಹಳ ವಾರ್ಡುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ನೀರು ತುಂಬಿಟ್ಟು ನಡೆಸುವ ಅಡುಗೆಮನೆಯಲ್ಲಿ ಮೊದಲು ಕಡಿಮೆಯಾಗುವುದು ತೊಳೆಯುವ ನೀರು. ಕುಡಿಯುವ ನೀರಿನ ಡ್ರಮ್ಮಿಗೆ ನಲ್ಲಿ ಇದೆಯೋ, ಲೋಟವನ್ನೇ ಅದ್ದುತ್ತಾರೋ ಎಂಬುದನ್ನು ನಾನು ಬೋರ್ಡಿಗಿಂತ ಮೊದಲು ನೋಡುತ್ತೇನೆ. ಲೈಸೆನ್ಸ್ ನೋಡುವ ಅಭ್ಯಾಸವಿದ್ದರೆ, ಗೋಡೆಯ ಮೇಲಿನ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರು 14 ಅಂಕಿಯದ್ದಿರುತ್ತದೆ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ಅಂಗಡಿಯ ನೋಂದಣಿ. ನಂಬರು ಇದ್ದ ಮಾತ್ರಕ್ಕೆ ರುಚಿ ಇರುತ್ತದೆ ಅಂತಲ್ಲ.

ತಿಂಗಳ ಊಟಕ್ಕೆ ಒಮ್ಮೆಲೇ ರೊಕ್ಕ ಕಟ್ಟಬೇಡಿ. ಒಂದು ವಾರ ದಿನದ ಲೆಕ್ಕದಲ್ಲಿ ಉಂಡು ನೋಡಿ. ಕಟ್ಟುವ ಮುಂಚೆ ನಾಲ್ಕು ಮಾತು ಬಾಯಿಬಿಟ್ಟು ಕೇಳಿ. ಫುಲ್ ಊಟವೋ, ಪ್ಲೇಟ್ ಊಟವೋ? ಎಷ್ಟು ರೊಟ್ಟಿಯ ಮೇಲೆ ಬೇರೆ ರೊಕ್ಕ? ರವಿವಾರ ರಾತ್ರಿ, ಅಮಾವಾಸ್ಯೆ, ಹಬ್ಬಕ್ಕೆ ಬಂದ್ ಇದ್ದರೆ ಆ ಊಟ ಮುಂದಿನ ತಿಂಗಳಿಗೆ ಸೇರುತ್ತದೋ? ನೀವು ಊರಿಗೆ ಹೋದರೆ ಎಷ್ಟು ದಿನ ಮುಂಚೆ ಹೇಳಬೇಕು? ಜಗಳ ಆಗುವುದೆಲ್ಲ ಈ ಕೊನೆಯ ಎರಡರಲ್ಲೇ. ಊಟದ ಕಾರ್ಡಿನ ಹಿಂದೆ ಬರೆಸಿಕೊಂಡರೆ ಒಳ್ಳೆಯದು. ರೂಮಿಗೇ ಊಟದ ಡಬ್ಬಿ ಹಚ್ಚುವುದಾದರೆ ರೊಟ್ಟಿಯನ್ನು ಫಾಯಿಲ್‌ನಲ್ಲಿ ಸುತ್ತಬೇಡಿ ಎನ್ನಿ. ಉಗಿ ಒಳಗೇ ನಿಂತು ಬೆವರುತ್ತದೆ. ನಿಮ್ಮದೇ ಒಂದು ಹತ್ತಿ ಬಟ್ಟೆ ಕೊಟ್ಟು ಅದರಲ್ಲಿ ಸುತ್ತಿಸಿ, ಅದಕ್ಕಿಂತಲೂ ಸುಲಭವೆಂದರೆ ಡಬ್ಬಿಗೆ ಕಟಕ್ ರೊಟ್ಟಿಯನ್ನೇ ಹೇಳಿ.

ಮಾಂಸದೂಟಕ್ಕೆ ಸಾವಜಿ ಖಾನಾವಳಿಗಳಿವೆ, ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದ ಅಡುಗೆ ಅದು. ಮಸಾಲೆ ಕಪ್ಪಾಗಿ ಹುರಿದದ್ದು, ಖಾರ ಜೋರು. ಹೊಸಬರು ಖೀಮಾದಿಂದ ಶುರು ಮಾಡಿ, ರಸದ ಮೇಲೆ ತೇಲುವ ಕೆಂಪೆಣ್ಣೆ ಕಡಿಮೆ ಹಾಕಲು ಹೇಳಿ. ಖಾರವೆಲ್ಲ ಇರುವುದು ಅದರಲ್ಲಿ. ನೀರು ಕುಡಿದರೆ ಖಾರ ಇಳಿಯುವುದಿಲ್ಲ, ಮಜ್ಜಿಗೆ ಹೇಳಿ.

ಇನ್ನು ಸಂಜೆಯದು. ಹುಬ್ಬಳ್ಳಿಯಲ್ಲಿ ದುರ್ಗದ ಬೈಲ್ ಕಡೆ ಹೋದರೆ ಮಿರ್ಚಿ ಗಾಡಿ ಹುಡುಕುವ ಕೆಲಸವೇ ಇಲ್ಲ, ಆದರೆ ಆರಿಸುವ ಕೆಲಸ ಇದೆ. ನಾಲ್ಕು, ನಾಲ್ಕೂವರೆಗೆ ಹೋಗಿ, ಎಣ್ಣೆ ಆಗಷ್ಟೇ ಕಾದಿರುತ್ತದೆ. ಬಾಣಲೆಯ ಮುಂದೆ ಒಂದು ನಿಮಿಷ ನಿಲ್ಲಿ. ಬಜಿ ಬಿಟ್ಟಾಗ ದೊಡ್ಡ ಗುಳ್ಳೆ ಎದ್ದು ಸ್ವಲ್ಪ ಹೊತ್ತಿಗೆ ಇಳಿದರೆ ಎಣ್ಣೆ ಚೆನ್ನಾಗಿದೆ. ಸಣ್ಣ ನೊರೆ ಎದ್ದು ಇಳಿಯದೇ ನಿಂತರೆ, ಬಜಿ ಇಲ್ಲದಾಗಲೂ ಹೊಗೆಯಾಡುತ್ತಿದ್ದರೆ, ಬಾಣಲೆಯ ಅಂಚಿಗೆ ಕಂದು ಅಂಟು ಹೆಪ್ಪುಗಟ್ಟಿದ್ದರೆ ಅದು ಹಳೆ ಎಣ್ಣೆಗೆ ಹೊಸದು ಸುರಿಯುತ್ತ ಬಂದದ್ದು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, 25 ಪರ್ಸೆಂಟ್ ದಾಟಬಾರದೆಂಬ ನಿಯಮ 2018ರಿಂದ ಇದೆ. ಗಾಡಿಯ ಮುಂದೆ ಅದನ್ನು ಅಳೆಯಲಾಗದು, ಆದರೆ ನೊರೆ ಕಣ್ಣಿಗೆ ಕಾಣುತ್ತದೆ.

ಮಿರ್ಚಿಯಲ್ಲಿ ಕೆಡುವುದು ಸೋಡಾದಿಂದ. ಕಡಲೆಹಿಟ್ಟು ಮೆಣಸಿನಕಾಯಿಗೆ ಹಿಡಿಯುವಷ್ಟು ಗಟ್ಟಿ ಇರಬೇಕು, ಅಜವಾನ, ಉಪ್ಪು, ಚಿಟಿಕೆ ಸೋಡಾ ಸಾಕು. ಸೋಡಾ ಜಾಸ್ತಿಯಾದರೆ ಬಜಿ ಬುರ್ರೆಂದು ಉಬ್ಬುತ್ತದೆ, ಬೇಗ ಕೆಂಪಾಗುತ್ತದೆ, ಒಳಗೆ ಟೊಳ್ಳು, ಎಣ್ಣೆ ಕುಡಿಯುತ್ತದೆ, ನಾಲಗೆಗೆ ಸಾಬೂನಿನ ರುಚಿ ಹತ್ತುತ್ತದೆ. ಮುರಿದಾಗ ಹಿಟ್ಟಿನ ಪದರ ಮೆಣಸಿನಕಾಯಿಗೆ ಅಂಟಿಕೊಂಡಿರಬೇಕು. ಮೆಣಸಿನಕಾಯಿ ನುಣ್ಣಗೆ ಜಾರಿ ಹೊರಬಂದರೆ ಒದ್ದೆ ಕಾಯಿಯನ್ನು ಹಿಟ್ಟಿಗೆ ಅದ್ದಿದ್ದಾರೆ. ಸೀಳಿ ಒಳಗೆ ಜೀರಿಗೆ-ಉಪ್ಪು ಸವರಿದ್ದರೆ ಆ ಅಂಗಡಿಯವರಿಗೆ ಕೆಲಸದ ಮೇಲೆ ಪ್ರೀತಿ ಇದೆ. ಕಟ್ ಮಿರ್ಚಿ ಎಂದರೆ ಒಮ್ಮೆ ಕರಿದದ್ದನ್ನು ತುಂಡು ಮಾಡಿ ಮತ್ತೆ ಕರಿಯುವುದು. ತಣ್ಣಗಾದದ್ದು ಅದರಲ್ಲೇ ಹೋಗುತ್ತದೆ. ತಪ್ಪೇನಿಲ್ಲ, ಗರಿಗರಿ ಚೆನ್ನಾಗಿಯೂ ಇರುತ್ತದೆ. ಆದರೆ ಅಂಗಡಿ ಹೇಗಿದೆ ಎಂದು ನೋಡಲು ಹೋದವರು ಮೊದಲ ಸಲ ಇಡೀ ಮಿರ್ಚಿಯನ್ನೇ ತಿನ್ನಬೇಕು. ಪೇಪರಿನಲ್ಲಿ ಕೊಟ್ಟರೆ ಸ್ಟೀಲ್ ತಾಟು ಕೇಳಿ, ಬಿಸಿ ಎಣ್ಣೆಗೆ ಪೇಪರಿನ ಶಾಯಿ ಬಿಡುತ್ತದೆ.

ಗಿರ್ಮಿಟ್ ನೋಡುವುದು ಸುಲಭ: ಅದನ್ನು ನಿಮ್ಮ ಕಣ್ಣೆದುರೇ ಕಲಸಬೇಕು. ನಾಲ್ಕು ಪ್ಲೇಟಿಗೆ ಸುಮಾರು 200 ಗ್ರಾಂ ಚುರಮರಿ, ಎರಡು ಉಳ್ಳಾಗಡ್ಡಿ, ನಾಲ್ಕೈದು ಹಸಿಮೆಣಸಿನಕಾಯಿ, ಸಣ್ಣ ನಿಂಬೆಯಷ್ಟು ಹುಣಸೆ, ಅದರರ್ಧ ಬೆಲ್ಲ, ಅರಿಶಿನ ಹಾಕಿ ಬೇಯಿಸಿದ ಗೊಜ್ಜು, ನಾಲ್ಕು ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು. ಪುಠಾಣಿ ಹಿಟ್ಟು ಬರೀ ರುಚಿಗಲ್ಲ, ಗೊಜ್ಜಿನ ನೀರು ಕುಡಿದು ಚುರಮರಿಗೆ ಹೊದಿಕೆಯಾಗುತ್ತದೆ. ಅದು ಕಡಿಮೆಯಾದರೆ ಮುದ್ದೆ, ಹೆಚ್ಚಾದರೆ ಗಂಟಲಿಗೆ ಹಿಡಿಯುತ್ತದೆ. ಕಲಸಿದ ಐದು ನಿಮಿಷದಲ್ಲಿ ತಿನ್ನಬೇಕು. ಪಾರ್ಸೆಲ್ ಬೇಕೆಂದರೆ ಗೊಜ್ಜು ಬೇರೆ, ಚುರಮರಿ ಬೇರೆ, ಹಸಿ ಉಳ್ಳಾಗಡ್ಡಿ-ಸೇವು ಬೇರೆ ಕಟ್ಟಿಸಿ. ಧಾರವಾಡ ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಚುರಮರಿ ಬೇಗ ಮೆತ್ತಗಾಗುತ್ತದೆ. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿ, ಪುಡಿಯಾಗದೆ ಚಪ್ಪಟೆಯಾದರೆ ಅವತ್ತು ಬಿಡಿ.

ಗೋಬಿ ಮಂಚೂರಿ ಬಗ್ಗೆ ಒಂದೇ ಮಾತು. ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಅನುಮಾನ ಬಂದರೆ ಒಂದು ತುಂಡನ್ನು ಲೋಟದ ನೀರಿಗೆ ಹಾಕಿ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರೇ ಗುಲಾಬಿಯಾದರೆ ಅದು ಬಣ್ಣ. ಮಸಾಲೆ ಅಂಗಡಿಯ 'ಬ್ಯಾಡಗಿ ಖಾರಪುಡಿ'ಗೂ ಇದೇ ಪರೀಕ್ಷೆ: ನೀರಿನ ಮೇಲೆ ಚಿಟಿಕೆ ಉದುರಿಸಿದರೆ ಕೆಂಪು ಗೆರೆ ಕೆಳಗಿಳಿಯಬಾರದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. 'ಬ್ಯಾಡಗಿ' ಎಂದು ಕೊಟ್ಟ ಪುಡಿ ಬಾಯಿ ಸುಟ್ಟರೆ ಬೇರೆ ತಳಿ ಬೆರೆತಿದೆ. ಸುಕ್ಕುಗಟ್ಟಿದ ಇಡೀ ಕಾಯಿ ಕೊಂಡು ಗಿರಣಿಯಲ್ಲಿ ಬೀಸಿಸುವುದೇ ವಾಸಿ. ಹಾಗೇ ರೂಮಿನಲ್ಲಿ ರೊಟ್ಟಿ ಮಾಡುವ ಮನಸ್ಸಿದ್ದರೆ ಹದಿನೈದು ದಿನಕ್ಕಾಗುವಷ್ಟೇ ಜೋಳ ಒಯ್ದು, 'ಅಣ್ಣಾರ, ಜ್ವಾಳದ ಮ್ಯಾಲೆ ಹಾಕ್ರಿ' ಎನ್ನಿ. ಗೋಧಿಯ ಹಿಂದೆ ಹಾಕಿದರೆ ಮೊದಲ ಹಿಟ್ಟು ಗೋಧಿಯದ್ದೇ ಬರುತ್ತದೆ. ಬಿಸಿ ಹಿಟ್ಟನ್ನು ಹರವಿ ಆರಿಸಿದ ಮೇಲೆ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಗಂಟುಕಟ್ಟಿ ವಾಸನೆ ಬರುತ್ತದೆ.

ಇನ್ನು ಊರಿಗೆ ಕಟ್ಟಿಸಿಕೊಂಡು ಹೋಗಲು ಮೊದಲು ಪೇಡೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಧಾರವಾಡದ ಜುಬಿಲಿ ಸರ್ಕಲ್‌ಗೆ ಇಳಿದರೆ ಲೈನ್ ಬಜಾರ್ ನಡಿಗೆಯ ದೂರ. ಉತ್ತರಪ್ರದೇಶದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದ ಠಾಕೂರ್ ಮನೆತನದ ಪೇಡೆ ಹೆಸರಾದದ್ದು ಅಲ್ಲೇ. ಈಗ ಧಾರವಾಡ ಪೇಡೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಇದರ ಕಂದು ಬಣ್ಣ ಖೋವಾವನ್ನು ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಹುರಿದೂ ಹುರಿದೂ ಬರುವಂಥದ್ದು. ಅವಸರಕ್ಕೆ ಉರಿ ಜೋರು ಮಾಡಿದರೆ ಹೊರಗೆ ಕಪ್ಪು, ಕೊನೆಗೆ ಕಹಿ. ಮುರಿದಾಗ ಸಣ್ಣ ಹರಳು ಹರಳಾಗಿ ಉದುರಬೇಕು, ಬೆರಳಿಗೆ ಜಿಡ್ಡು ತುಸುವೇ ಹತ್ತಬೇಕು, ಮೇಲಿನ ಸಕ್ಕರೆ ಪುಡಿ ಒಣಗಿರಬೇಕು. ಪುಡಿ ಕರಗಿ ಅಂಟಾಗಿದ್ದರೆ ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದ್ದಾರೆ, ಅದು ಬೇಗ ಕೆಡುತ್ತದೆ. ಬಿಡಿ ಸಿಹಿಗೂ ಎಲ್ಲಿಯವರೆಗೆ ತಿನ್ನಬಹುದೆಂಬ ತಾರೀಖು ಹಾಕಬೇಕೆಂದು 2020ರ ಅಕ್ಟೋಬರ್‌ನಲ್ಲಿ ನಿಯಮ ಬಂತು. ತಾರೀಖು ಕಾಣದಿದ್ದರೆ ಕೇಳಿ. ಮೊದಲು ಒಂದೇ ಪೇಡೆ ಕೊಂಡು ಅಲ್ಲೇ ತಿಂದು, ಆಮೇಲೆ ಪಾವ್ ಕಿಲೋ ಹೇಳಿ. ಫ್ರಿಜ್ಜಿನಲ್ಲಿಟ್ಟರೆ ತೇವ ಕುಡಿದು ಸಕ್ಕರೆ ಒಸರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇರಲಿ.

ಜೊತೆಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಹಿಂಡಿ ಕಾಲು ಕಿಲೋಕ್ಕಿಂತ ಹೆಚ್ಚು ಬೇಡ, ಶೇಂಗಾದ ಎಣ್ಣೆ ಬೇಗ ಮುಗ್ಗುತ್ತದೆ. ಹಾವೇರಿ ದಾರಿಯಲ್ಲಿ ಹೋಗುವವರಾದರೆ ಸವಣೂರಿನ ಕುರುಕಲು ತಿಂಡಿ 'ಖಾರ' ತರಿಸಿಕೊಳ್ಳಬಹುದು. ರಾತ್ರಿ ಬಸ್ಸಿಗೆ ಹೋಗುವುದಾದರೆ ರೊಟ್ಟಿಯ ಕಟ್ಟನ್ನು ಚೀಲದ ತಳಕ್ಕೆ ಹಾಕಬೇಡಿ, ಬೆಂಗಳೂರಿಗೆ ಇಳಿಯುವಷ್ಟರಲ್ಲಿ ಚೂರಾಗಿರುತ್ತದೆ. ಎರಡು ಸ್ಟೀಲ್ ತಾಟಿನ ನಡುವೆ ಇಟ್ಟು, ಬಟ್ಟೆ ಸುತ್ತಿ, ಕೈಯಲ್ಲೇ ಹಿಡಿದುಕೊಳ್ಳಿ.