ಅಮೆರಿಕದ ರಾಕ್ ಆ್ಯಂಡ್ ರೋಲ್ ಗಾಯಕ ಚಕ್ ಬೆರ್ರಿಯ ‘ಮೈ ಡಿಂಗ್-ಅ-ಲಿಂಗ್’ ಹಾಡು ಮೂಲತಃ ಯಾರದ್ದು?

ಇದು ಬೆರ್ರಿ ಬರೆದ ಹಾಡಲ್ಲ. ನ್ಯೂ ಆರ್ಲಿಯನ್ಸ್‌ನ ಸಂಗೀತಗಾರ ಡೇವ್ ಬಾರ್ಥಲೊಮ್ಯೂ ಬರೆದು, 1952ರಲ್ಲಿ ತಾವೇ ರೆಕಾರ್ಡ್ ಮಾಡಿದ್ದರು. 1954ರಲ್ಲಿ ದ ಬೀಸ್ ತಂಡ ಇದನ್ನೇ ‘ಟಾಯ್ ಬೆಲ್’ ಹೆಸರಲ್ಲಿ ಹಾಡಿತು. 1968ರಲ್ಲಿ ಬೆರ್ರಿಯೂ ‘ಮೈ ಟ್ಯಾಂಬೊರಿನ್’ ಅಂತ ಒಂದು ರೂಪ ತಂದರು.

ಹಾಡಿನ ಅದೃಷ್ಟ ತಿರುಗಿದ್ದು 1972ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯ ವೇದಿಕೆಯಲ್ಲಿ. ಮೇಲ್ನೋಟಕ್ಕೆ ಅಜ್ಜಿ ಕೊಟ್ಟ ಗಂಟೆ ಆಟಿಕೆಯ ಕತೆ. ಗಂಡಸಿನ ಗುಪ್ತಾಂಗವನ್ನು ಸೂಚಿಸುವ ಒಳಗಿನ ತುಂಟ ಅರ್ಥ ಕೇಳಿದವರಿಗೆಲ್ಲ ಗೊತ್ತಾಗುತ್ತದೆ, ಅಲ್ವಾ? ಬೆರ್ರಿ ಗಂಡಸರು, ಹೆಂಗಸರು ಅಂತ ಸಭೆಯನ್ನು ಭಾಗ ಮಾಡಿ ಪಲ್ಲವಿ ಹಾಡಿಸಿದರು. ನನಗೆ ಈ ಧ್ವನಿಮುದ್ರಿಕೆಯ ಜೀವವೇ ಆ ಜನರ ದನಿ.

ಬಿಬಿಸಿ ಇದನ್ನು ನಿಷೇಧಿಸಬೇಕು ಅಂತ ಪ್ರಸಾರದಲ್ಲಿ ಸಭ್ಯತೆಗಾಗಿ ಹೋರಾಡುತ್ತಿದ್ದ ಬ್ರಿಟನ್ನಿನ ಮೇರಿ ವೈಟ್‌ಹೌಸ್ ಪಟ್ಟು ಹಿಡಿದರು, ಫಲ ಸಿಗಲಿಲ್ಲ. ಅಮೆರಿಕ, ಬ್ರಿಟನ್ ಎರಡರಲ್ಲೂ ಇದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬೆರ್ರಿಯ ಹೆಸರಾಂತ ಹಾಡು ‘ಜಾನಿ ಬಿ. ಗುಡ್’ಗೂ ಆ ಸ್ಥಾನ ಸಿಕ್ಕಿರಲಿಲ್ಲ ಅನ್ನೋದು ಮಾತ್ರ ಬೇಜಾರು.